ಸಾವಿರ ಪೌಂಡ್‌ನ ಆಲ್ಫ್ ಕಾಮನ್: ಫುಟ್‌ಬಾಲ್ ವರ್ಗಾವಣೆಯಲ್ಲಿ ಮಾರಾಟವಾಗುವುದು ಆಟಗಾರನೋ, ಅವನ ಕಾಗದವೋ?

2025ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಋತು ಶುರುವಾಯಿತು. ನ್ಯೂಕಾಸಲ್ ಯುನೈಟೆಡ್ ತಂಡದ ಮೊದಲ ಮೂರು ಲೀಗ್ ಪಂದ್ಯಗಳಲ್ಲಿ ಅದರ ಮುಖ್ಯ ಸ್ಟ್ರೈಕರ್ ಮೈದಾನದಲ್ಲೇ ಇರಲಿಲ್ಲ. ಸ್ವೀಡನ್‌ನ ಅಲೆಕ್ಸಾಂಡರ್ ಇಸಾಕ್ ತಮಗೆ ಲಿವರ್‌ಪೂಲ್‌ಗೆ ಹೋಗಬೇಕು ಎಂದು ಪಟ್ಟು ಹಿಡಿದಿದ್ದರು. ನ್ಯೂಕಾಸಲ್ ಜೊತೆ ಅವರ ಒಪ್ಪಂದ 2028ರವರೆಗೂ ಇತ್ತು. ಕೊಟ್ಟ ಮಾತಿಗೆ ಕ್ಲಬ್ ತಪ್ಪಿದೆ ಎಂದು ಇಸಾಕ್ ಬಹಿರಂಗವಾಗಿಯೇ ಬರೆದರು. ಅಂಥ ಮಾತು ನಾವು ಕೊಟ್ಟೇ ಇಲ್ಲ ಎಂದು ಕ್ಲಬ್ ಹೇಳಿತು. ಕೊನೆಗೆ ಸೆಪ್ಟೆಂಬರ್ 1ರಂದು, ವರ್ಗಾವಣೆಯ ಗಡುವು ಮುಗಿಯುವ ದಿನ, ಲಿವರ್‌ಪೂಲ್ 12.5 ಕೋಟಿ ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡಿತು. ಬ್ರಿಟನ್ನಿನ ಕ್ಲಬ್ಬೊಂದು ಅಲ್ಲಿವರೆಗೆ ಒಬ್ಬ ಆಟಗಾರನಿಗೆ ಇಷ್ಟು ದುಡ್ಡು ಸುರಿದಿರಲಿಲ್ಲ.

ಅದೇ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು. ನೆದರ್‌ಲ್ಯಾಂಡ್ಸ್‌ನ ‘ಜಸ್ಟಿಸ್ ಫಾರ್ ಪ್ಲೇಯರ್ಸ್’ ಎಂಬ ಪ್ರತಿಷ್ಠಾನ ಫಿಫಾ ಮೇಲೆ ಸಾಮೂಹಿಕ ಮೊಕದ್ದಮೆಗೆ ಇಳಿಯಿತು. 2002ರಿಂದ ಈಚೆಗೆ ಯುರೋಪಿನಲ್ಲಿ ಆಡಿದ ಸುಮಾರು ಒಂದು ಲಕ್ಷ ಆಟಗಾರರ ಪರವಾಗಿ ಈ ಹೋರಾಟ. ವರ್ಗಾವಣೆ ನಿಯಮಗಳಿಂದಾಗಿ ಆಟಗಾರರ ದುಡಿಮೆ ಸುಮಾರು ಶೇ 8ರಷ್ಟು ಕಡಿಮೆಯಾಗಿದೆ ಎನ್ನುವುದು ಅವರ ವಾದ.

ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ಇಷ್ಟು ಕೋಟಿ ಓಡಾಡುವ ಕಡೆ ಆಟಗಾರನಿಗೆ ಅನ್ಯಾಯ ಹೇಗೆ? ಬೇಡವಾದ ಕೆಲಸವನ್ನು ಎಲ್ಲರಂತೆ ಬಿಟ್ಟು ಹೋಗುವ ಬದಲು ಇಸಾಕ್ ಮುನಿಸಿಕೊಂಡು ಕೂತಿದ್ದೇಕೆ? ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಮಗೆ ಇನ್ನೊಂದು ತೊಡಕೂ ಇದೆ. ಅಲ್ಲಿ ಕೂಗುವ ಮೊತ್ತ ಆಟಗಾರನ ಸಂಬಳ. ಫುಟ್‌ಬಾಲ್‌ನ ವರ್ಗಾವಣೆ ಶುಲ್ಕ ಹಾಗಲ್ಲ. ಅದು ಹೋಗುವುದು ಹಳೆಯ ಕ್ಲಬ್ಬಿಗೆ. ಆಟಗಾರನ ಸಂಬಳದ ಮಾತು ಬೇರೆಯೇ ನಡೆಯುತ್ತದೆ.

ಈ ವಿಚಿತ್ರ ಏರ್ಪಾಡು ಹುಟ್ಟಿದ್ದು ಹೇಗೆಂದು ತಿಳಿಯಲು 120 ವರ್ಷ ಹಿಂದೆ ಹೋಗಬೇಕು. ಊರು ಹೆಚ್ಚೇನೂ ಬದಲಾಗುವುದಿಲ್ಲ. ಅದೇ ಈಶಾನ್ಯ ಇಂಗ್ಲೆಂಡ್. ಮೊದಲ ಸಾವಿರ ಪೌಂಡ್‌ನ ಆಟಗಾರ ಆಲ್ಫ್ ಕಾಮನ್ ಹುಟ್ಟಿದ್ದು ನ್ಯೂಕಾಸಲ್‌ನ ಪಕ್ಕದ ಸಂಡರ್‌ಲ್ಯಾಂಡ್‌ನಲ್ಲಿ.

ಸಂಬಳ ಕೊಡುವುದೇ ತಪ್ಪಾಗಿದ್ದ ಕಾಲ

ಇಂಗ್ಲೆಂಡಿನ ಫುಟ್‌ಬಾಲ್ ಮೊದಲಿಗೆ ಶ್ರೀಮಂತರ ಶಾಲೆಗಳಲ್ಲಿ ಓದಿದವರ ಆಟ. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ಕಟ್ಟಿದವರು ಅವರೇ. ಆಟಕ್ಕೆ ದುಡ್ಡು ತೆಗೆದುಕೊಳ್ಳುವುದು ಅವರ ಕಣ್ಣಿಗೆ ಹೀನ ಕೆಲಸ. ಆದರೆ ಲ್ಯಾಂಕಾಶೈರ್‌ನ ಬಟ್ಟೆ ಗಿರಣಿಗಳ ಊರುಗಳಲ್ಲಿ ಲೆಕ್ಕ ಬೇರೆ ಇತ್ತು. ಗಿರಣಿ ಕೆಲಸಗಾರ ಶನಿವಾರ ಮಧ್ಯಾಹ್ನ ಆಡಲು ಹೋದರೆ ಆ ಹೊತ್ತಿನ ಕೂಲಿ ಕೈತಪ್ಪುತ್ತದೆ. ಅದನ್ನು ಯಾರಾದರೂ ತುಂಬಿಕೊಡಬೇಕಲ್ವಾ? ಕ್ಲಬ್ಬುಗಳು ಗುಟ್ಟಾಗಿ ಕೊಡುತ್ತಿದ್ದವು. ಸ್ಕಾಟ್ಲೆಂಡಿನಿಂದ ಒಳ್ಳೆಯ ಆಟಗಾರರನ್ನು ಕರೆಸಿ, ಊರಿನಲ್ಲಿ ಹೆಸರಿಗೊಂದು ಕೆಲಸ ಕೊಡಿಸಿ, ಬೇರೆ ದಾರಿಯಲ್ಲಿ ದುಡ್ಡು ಮುಟ್ಟಿಸುತ್ತಿದ್ದವು.

1884ರಲ್ಲಿ ಗುಟ್ಟು ರಟ್ಟಾಯಿತು. ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ಪ್ರೆಸ್ಟನ್ ನಾರ್ತ್ ಎಂಡ್ ಮೇಲೆ ದೂರು ಕೊಟ್ಟಿತು. ಪ್ರೆಸ್ಟನ್ ತಂಡ ನಡೆಸುತ್ತಿದ್ದ ವಿಲಿಯಂ ಸುಡೆಲ್ ಹೌದು, ದುಡ್ಡು ಕೊಡುತ್ತೇವೆ, ಎಲ್ಲರೂ ಕೊಡುತ್ತಾರೆ ಎಂದುಬಿಟ್ಟರು. ಪ್ರೆಸ್ಟನ್ ತಂಡವನ್ನು ಎಫ್‌ಎ ಕಪ್‌ನಿಂದ ಹೊರಗೆ ಹಾಕಿದರು. ಉತ್ತರದ ಕ್ಲಬ್ಬುಗಳು ನಾವೇ ಬೇರೆ ಸಂಘ ಕಟ್ಟುತ್ತೇವೆ ಎಂದು ಸಿಡಿದೆದ್ದವು. ಎಫ್‌ಎ ಮಣಿಯಿತು. 1885ರ ಜುಲೈನಲ್ಲಿ ವೃತ್ತಿಪರ ಆಟಕ್ಕೆ ಒಪ್ಪಿಗೆ ಸಿಕ್ಕಿತು.

1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಶುರು ಮಾಡಿದವು. ಈಗ ಕ್ಲಬ್ಬುಗಳಿಗೆ ಹೊಸ ಭಯ. ಸಂಬಳ ಕೊಡಬಹುದು ಎಂದಾದರೆ ಜಾಸ್ತಿ ಕೊಡುವವನ ಕಡೆಗೆ ಆಟಗಾರ ಹೋಗುತ್ತಾನೆ. ದೊಡ್ಡ ನಗರದ ಕ್ಲಬ್ ಎಲ್ಲರನ್ನೂ ಬಾಚಿಕೊಂಡರೆ ಸಣ್ಣ ಊರಿನ ಗತಿಯೇನು? ಈ ಭಯದಿಂದ ಎರಡು ಕಟ್ಟಳೆ ಬಂದವು. ಇಂದಿನ ಇಡೀ ಗೋಜಲಿನ ಬೇರು ಇವೇ.

ಒಂದು, ನೋಂದಣಿ. ಆಟಗಾರನ ಹೆಸರು ಒಂದು ಕ್ಲಬ್ಬಿನಲ್ಲಿ ನೋಂದಣಿಯಾಯಿತು ಎಂದರೆ ಆ ಕ್ಲಬ್ ಬಿಟ್ಟುಕೊಡುವವರೆಗೆ ಲೀಗ್‌ನ ಇನ್ನೊಂದು ಕ್ಲಬ್ಬಿಗೆ ಅವನು ಆಡುವಂತಿಲ್ಲ. ಹಳೆಯ ಶಾಲೆ ಟಿಸಿ ಕೊಡದೆ ಹೊಸ ಶಾಲೆಗೆ ಸೇರಲು ಆಗದಿದ್ದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಟಿಸಿಗೆ ಬೆಲೆ ಕಟ್ಟಬಹುದು. 1893ರಿಂದ ಇದು ಗಟ್ಟಿಯಾಯಿತು. ಒಪ್ಪಂದ ಮುಗಿದರೂ ನೋಂದಣಿ ಕ್ಲಬ್ಬಿನ ಕೈಯಲ್ಲೇ. ‘ಉಳಿಸಿಕೋ ಅಥವಾ ವರ್ಗಾಯಿಸು’ ಎಂಬ ಪದ್ಧತಿ ಇದು.

ಎರಡು, ಸಂಬಳದ ಮಿತಿ. 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡ್‌ಗಿಂತ ಜಾಸ್ತಿ ಕೊಡುವಂತಿಲ್ಲ. ಗೆದ್ದರೆ ಬೋನಸ್ ಕೂಡ ಇಲ್ಲ. ಹೊಸ ಕ್ಲಬ್ ಸೇರುವಾಗ ಸಿಗುವ ಸಹಿ ಹಣ 10 ಪೌಂಡ್ ದಾಟುವಂತಿಲ್ಲ.

ಹದಿಮೂರು ಸ್ಟೋನ್ ತೂಕದ ಫಾರ್ವರ್ಡ್

ಕಾಮನ್ ಹುಟ್ಟಿದ್ದು 1880ರಲ್ಲಿ. ಸಂಡರ್‌ಲ್ಯಾಂಡ್‌ನ ಮಿಲ್‌ಫೀಲ್ಡ್ ಬಡಾವಣೆ ಅವರ ಊರು. ಸ್ಥಳೀಯ ತಂಡಗಳಲ್ಲಿ ಆಡಿ 1900ರಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ ಸೇರಿದರು. ಎತ್ತರ ಹೆಚ್ಚೇನಿಲ್ಲ, ಐದು ಅಡಿ ಎಂಟು ಇಂಚು. ತೂಕ ಮಾತ್ರ ಹದಿಮೂರು ಸ್ಟೋನ್, ಅಂದರೆ 82 ಕಿಲೋ ಆಸುಪಾಸು. ಆಗಿನ ಆಟದಲ್ಲಿ ಗೋಲ್‌ಕೀಪರ್‌ಗೂ ಭುಜ ಕೊಟ್ಟು ಗುದ್ದಬಹುದಿತ್ತು. ಅಂಥ ಮೈಕಟ್ಟಿನ ಫಾರ್ವರ್ಡ್ ಎಂದರೆ ಎದುರಾಳಿಗಳಿಗೆ ನಡುಕ.

1901ರಲ್ಲಿ ಶೆಫೀಲ್ಡ್ ಯುನೈಟೆಡ್ 325 ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಮರುವರ್ಷವೇ ಎಫ್‌ಎ ಕಪ್ ಫೈನಲ್. ಸೌತಾಂಪ್ಟನ್ ಎದುರು 1-1ರಿಂದ ಸಮವಾದ ಮೊದಲ ಪಂದ್ಯದಲ್ಲಿ ಶೆಫೀಲ್ಡ್‌ನ ಗೋಲು ಕಾಮನ್ ಅವರದ್ದು. ಮರುಪಂದ್ಯವನ್ನು 2-1ರಿಂದ ಗೆದ್ದು ಶೆಫೀಲ್ಡ್ ಕಪ್ ಎತ್ತಿತು. ಇಂಗ್ಲೆಂಡ್ ತಂಡಕ್ಕೂ ಕರೆ ಬಂತು. ಒಟ್ಟು ಮೂರು ಅಂತಾರಾಷ್ಟ್ರೀಯ ಪಂದ್ಯ, ಎರಡು ಗೋಲು.

1904ರ ಬೇಸಿಗೆಯಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ತಮಗೆ ವ್ಯವಹಾರ ಇದೆ ಎಂಬ ಕಾರಣ ಕೊಟ್ಟು ಅವರು ಊರಿಗೆ ಮರಳಿದರು. ಸಂಡರ್‌ಲ್ಯಾಂಡ್ ಕೊಟ್ಟಿದ್ದು 520 ಪೌಂಡ್. ಕೆಲವೇ ತಿಂಗಳು ಕಳೆದಿತ್ತು, 1905ರ ಫೆಬ್ರುವರಿಯಲ್ಲಿ ಪಕ್ಕದ ಮಿಡ್ಲ್ಸ್‌ಬರೊ ಕ್ಲಬ್ ಬಾಗಿಲು ತಟ್ಟಿತು. ಕೈಯಲ್ಲಿ 1,000 ಪೌಂಡ್.

ಮಿಡ್ಲ್ಸ್‌ಬರೊ ಅವಸರಕ್ಕೆ ಕಾರಣ ಇತ್ತು. 1899ರವರೆಗೂ ಅದು ಹವ್ಯಾಸಿ ಕ್ಲಬ್. ಎರಡು ಸಲ ಎಫ್‌ಎ ಅಮೆಚೂರ್ ಕಪ್ ಗೆದ್ದ ಹೆಮ್ಮೆ ಅದಕ್ಕಿತ್ತು. ಆಮೇಲೆ ವೃತ್ತಿಪರವಾಗಿ ಲೀಗ್ ಸೇರಿ 1902ರಲ್ಲಿ ಮೊದಲ ದರ್ಜೆಗೆ ಏರಿತ್ತು. 1903ರಲ್ಲಿ ಏರ್ಸಮ್ ಪಾರ್ಕ್ ಎಂಬ ಹೊಸ ಮೈದಾನ ಕಟ್ಟಿತ್ತು. ಈಗ ನೋಡಿದರೆ ತಂಡ ಪಟ್ಟಿಯ ತಳದಲ್ಲಿ. ಹೊರಗಿನ ಮೈದಾನದಲ್ಲಿ ಸುಮಾರು ಎರಡು ವರ್ಷದಿಂದ ಒಂದೂ ಗೆಲುವಿಲ್ಲ. ಕೆಳ ದರ್ಜೆಗೆ ಬಿದ್ದರೆ ಟಿಕೆಟ್ ಹಣ ಬತ್ತುತ್ತದೆ, ಹೊಸ ಮೈದಾನದ ಖರ್ಚು ಹಾಗೇ ಉಳಿಯುತ್ತದೆ. ಆ ಲೆಕ್ಕದಲ್ಲಿ ಸಾವಿರ ಪೌಂಡ್ ದುಬಾರಿ ಅಲ್ಲ ಎಂದು ನಿರ್ದೇಶಕರಿಗೆ ಅನಿಸಿತು.

1905ರ ಫೆಬ್ರುವರಿ 25. ಕಾಮನ್ ಅವರ ಮೊದಲ ಪಂದ್ಯ ನಡೆದಿದ್ದು ಶೆಫೀಲ್ಡ್‌ನ ಬ್ರಾಮಲ್ ಲೇನ್‌ನಲ್ಲಿ. ಹಿಂದಿನ ಋತುವಿನವರೆಗೆ ಅವರದ್ದೇ ಆಗಿದ್ದ ಮೈದಾನ. ಮಿಡ್ಲ್ಸ್‌ಬರೊಗೆ ಒಂದು ಪೆನಾಲ್ಟಿ ಸಿಕ್ಕಿತು. ಒದೆಯಲು ಮುಂದೆ ಬಂದವರು ಕಾಮನ್. ಚೆಂಡು ಬಲೆಯೊಳಗೆ. ಪಂದ್ಯ 1-0. ಅಷ್ಟು ಕಾಲ ಕಾದಿದ್ದ ಹೊರಊರಿನ ಗೆಲುವು ಬಂದೇಬಿಟ್ಟಿತು. ಋತು ಮುಗಿದಾಗ ತಂಡ 18ರಲ್ಲಿ 15ನೇ ಸ್ಥಾನದಲ್ಲಿತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ಆ ಬೇಸಿಗೆಯಲ್ಲಿ ಲೀಗ್ ಮೊದಲ ದರ್ಜೆಯನ್ನು 20 ತಂಡಗಳಿಗೆ ಹಿಗ್ಗಿಸಿತು. ಕೊನೆಯ ಎರಡು ಸ್ಥಾನದಲ್ಲಿದ್ದ ಬರಿ ಮತ್ತು ನಾಟ್ಸ್ ಕೌಂಟಿ ತಂಡಗಳು ಕೂಡ ಕೆಳಗೆ ಬೀಳಲಿಲ್ಲ. ಅಂದರೆ ಕಾಮನ್ ಬಾರದಿದ್ದರೂ ಮಿಡ್ಲ್ಸ್‌ಬರೊ ಉಳಿಯುತ್ತಿತ್ತು. ಫೆಬ್ರುವರಿಯಲ್ಲಿ ಚೆಕ್ ಬರೆದವರಿಗೆ ಅದು ಹೇಗೆ ಗೊತ್ತಾಗಬೇಕು? ವರ್ಗಾವಣೆ ಮಾರುಕಟ್ಟೆಯ ದುಡ್ಡಿನಲ್ಲಿ ದೊಡ್ಡ ಪಾಲು ಇಂಥ ಹೆದರಿಕೆಗೇ ಖರ್ಚಾಗುತ್ತದೆ. ಅಂದೂ ಹಾಗೇ, ಇಂದೂ ಹಾಗೇ.

ಸಾವಿರದಲ್ಲಿ ಕಾಮನ್ ಪಾಲು ಎಷ್ಟು?

ನಿಯಮದ ಪ್ರಕಾರ ಹತ್ತು ಪೌಂಡ್. ಸಂಬಳ ಮೊದಲಿನಂತೆ ವಾರಕ್ಕೆ ನಾಲ್ಕು.

ಈ ಲೆಕ್ಕವನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಲೇಖನದ ತಿರುಳು ಇಲ್ಲಿದೆ. ವಾರಕ್ಕೆ 4 ಪೌಂಡ್ ಎಂದರೆ ವರ್ಷಕ್ಕೆ 208. ಸಾವಿರ ಪೌಂಡ್ ಅಂದರೆ ಹೆಚ್ಚುಕಡಿಮೆ ಐದು ವರ್ಷದ ಪೂರ್ತಿ ಸಂಬಳ. ಕಾಮನ್ ಮೈದಾನಕ್ಕಿಳಿದರೆ ಅಷ್ಟು ಲಾಭ ಇದೆ ಎಂದು ಮಿಡ್ಲ್ಸ್‌ಬರೊ ನಂಬಿತ್ತು. ಆ ಬೆಲೆಯನ್ನು ಕಾಮನ್ ಕೈಗೆ ಕೊಡಲು ನಿಯಮ ಬಿಡುವುದಿಲ್ಲ. ಆದರೆ ಅವರ ನೋಂದಣಿ ಕಾಗದ ಇಟ್ಟುಕೊಂಡ ಸಂಡರ್‌ಲ್ಯಾಂಡ್‌ಗೆ ಕೊಡಲು ಯಾವ ತಡೆಯೂ ಇಲ್ಲ. ಹಾಗಾಗಿ ದುಡ್ಡು ಕಾಗದದ ಕಡೆಗೆ ಹರಿಯಿತು. ಸಂಬಳಕ್ಕೆ ಅಣೆಕಟ್ಟು ಕಟ್ಟಿ, ಪೈಪೋಟಿಯನ್ನು ಹಾಗೇ ಬಿಟ್ಟರೆ ಇನ್ನೇನಾದೀತು?

ಪತ್ರಿಕೆಗಳಲ್ಲಿ ದೊಡ್ಡ ಗದ್ದಲ ಎದ್ದಿತು. ಮನುಷ್ಯನನ್ನು ಕೊಂಡು ಮಾರುವುದೇ ಎಂದು ಬರೆದರು. ಆದರೆ ಬೈಗುಳ ಬಿದ್ದಿದ್ದು ಬಹುಪಾಲು ಮೊತ್ತದ ಮೇಲೆ. ಆ ಮೊತ್ತ ಬೆಳೆಯಲು ಜಾಗ ಕೊಟ್ಟ ನೋಂದಣಿ ಮತ್ತು ಸಂಬಳದ ಮಿತಿ ಎರಡೂ ಅಲ್ಲಾಡಲಿಲ್ಲ.

ಕಾಮನ್ ಮಿಡ್ಲ್ಸ್‌ಬರೊದಲ್ಲಿ ಐದು ವರ್ಷ ಇದ್ದರು. ಲೀಗ್‌ನಲ್ಲಿ 58 ಗೋಲು ಹೊಡೆದರು. 1910ರಲ್ಲಿ ವುಲಿಚ್ ಆರ್ಸೆನಲ್, 1912ರ ಕೊನೆಗೆ ಪ್ರೆಸ್ಟನ್. ಆ ಋತುವಿನಲ್ಲಿ ಪ್ರೆಸ್ಟನ್ ಎರಡನೇ ದರ್ಜೆ ಗೆದ್ದಿತು. 1914ರಲ್ಲಿ ಆಟ ನಿಲ್ಲಿಸಿ ಡಾರ್ಲಿಂಗ್‌ಟನ್‌ನಲ್ಲಿ ಪಬ್ ನಡೆಸಿದರು. 1946ರಲ್ಲಿ ಅಲ್ಲೇ ತೀರಿಕೊಂಡರು. ಆಗಿನ ಎಷ್ಟೋ ಆಟಗಾರರ ದಾರಿ ಇದೇ. ಮೂವತ್ತು ದಾಟಿದರೆ ಪಬ್, ಇಲ್ಲದಿದ್ದರೆ ಮತ್ತೆ ಗಣಿ ಅಥವಾ ಗಿರಣಿ.

350 ಪೌಂಡ್‌ನ ಬೇಲಿ

ಎಫ್‌ಎ ಸುಮ್ಮನೆ ಕೂರಲಿಲ್ಲ. ಮಿಡ್ಲ್ಸ್‌ಬರೊದ ಲೆಕ್ಕಪುಸ್ತಕ ತೆರೆಸಿತು. ಆಟಗಾರರಿಗೆ ನಿಯಮ ಮೀರಿ ದುಡ್ಡು ಕೊಟ್ಟಿದ್ದು ಸಿಕ್ಕಿತು. ದಂಡ ಬಿತ್ತು, ನಿರ್ದೇಶಕರಲ್ಲಿ ಹೆಚ್ಚಿನವರು ಅಮಾನತಾದರು. ಕ್ಲಬ್ ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. 1906ರಲ್ಲಿ ಡರ್ಬಿ ಕ್ಲಬ್ಬಿನಿಂದ ಹೆಸರಾಂತ ಫಾರ್ವರ್ಡ್ ಸ್ಟೀವ್ ಬ್ಲೂಮರ್ ಅವರನ್ನು 750 ಪೌಂಡ್‌ಗೆ ತಂದಿತು.

1908ರ ಜನವರಿಯಿಂದ ಯಾವ ವರ್ಗಾವಣೆಯೂ 350 ಪೌಂಡ್ ಮೀರಬಾರದು ಎಂದು ಎಫ್‌ಎ ಕಟ್ಟಳೆ ತಂದಿತು. ಕ್ಲಬ್ಬುಗಳು ಅದನ್ನು ದಾಟಿದ ರೀತಿ ನೋಡಿ. ಒಬ್ಬ ಒಳ್ಳೆಯ ಆಟಗಾರ ಬೇಕು, ಬೆಲೆ ಸಾವಿರ. ಸರಿ, ಅವನ ಜೊತೆ ಯಾರಿಗೂ ಬೇಡದ ಇನ್ನಿಬ್ಬರನ್ನು ಕಟ್ಟಿ ಕಳಿಸಿ. ಮೂವರಿಗೂ ತಲಾ 350ರ ಒಳಗೆ ಬರೆದರಾಯಿತು. ಕಾಗದದಲ್ಲಿ ಎಲ್ಲವೂ ಸರಿ. ಕೆಲವೇ ತಿಂಗಳಲ್ಲಿ ಎಫ್‌ಎ ಮಿತಿಯನ್ನು ವಾಪಸ್ ಪಡೆಯಿತು. ಆಮೇಲೆ ಶುಲ್ಕಕ್ಕೆ ತಡೆಯೇ ಇರಲಿಲ್ಲ. 1928ರಲ್ಲಿ ಡೇವಿಡ್ ಜ್ಯಾಕ್‌ಗಾಗಿ ಆರ್ಸೆನಲ್ 10 ಸಾವಿರ ಪೌಂಡ್ ದಾಟಿತು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್ ಅವರಿಂದ ಬ್ರಿಟನ್‌ನಲ್ಲಿ ಹತ್ತು ಲಕ್ಷದ ಗೆರೆಯೂ ದಾಟಿಹೋಯಿತು.

ಶುಲ್ಕದ ಬೇಲಿ ಬಾಳಿದ್ದು ಕೆಲವೇ ತಿಂಗಳು. ಸಂಬಳದ ಬೇಲಿ ಅರವತ್ತು ವರ್ಷ ನಿಂತಿತು. ಮೊದಲನೆಯದು ತಡೆದಿದ್ದು ಕ್ಲಬ್ಬುಗಳನ್ನು, ಎರಡನೆಯದು ಆಟಗಾರರನ್ನು. ಯಾವುದು ಉಳಿಯಿತು ಎನ್ನುವುದರಲ್ಲೇ ಯಾರ ಕೈ ಮೇಲಿತ್ತು ಎಂದು ಗೊತ್ತಾಗುತ್ತದೆ.

ಕೋರ್ಟ್ ಮೆಟ್ಟಿಲು ಹತ್ತಿದವರು

1907ರಲ್ಲಿ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮುಂತಾದವರು ಮ್ಯಾಂಚೆಸ್ಟರ್‌ನಲ್ಲಿ ಆಟಗಾರರ ಸಂಘ ಕಟ್ಟಿದರು. ಸಂಘ ಬೆನ್ನಿಗೆ ನಿಂತ ದೊಡ್ಡ ಮೊಕದ್ದಮೆ ಹ್ಯಾರಿ ಕಿಂಗಬಿ ಅವರದ್ದು. ಕಾಮನ್ ಹೆಸರು ಕೇಳಿದವರಿಗೂ ಕಿಂಗಬಿ ಗೊತ್ತಿರುವುದಿಲ್ಲ. ಆದರೆ ಆ ಕಾಗದ ಏನು ಮಾಡಬಲ್ಲದು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

1906ರಲ್ಲಿ ಆ್ಯಸ್ಟನ್ ವಿಲ್ಲಾ ಕ್ಲಬ್ ಕಿಂಗಬಿ ಅವರನ್ನು ಲಂಡನ್ನಿನ ಕ್ಲಾಪ್ಟನ್ ಓರಿಯಂಟ್‌ನಿಂದ 300 ಪೌಂಡ್‌ಗೆ ಕೊಂಡಿತು. ಬೇಗನೇ ಬೇಡವೆನಿಸಿತು. ಓರಿಯಂಟ್ ವಾಪಸ್ ಕೊಳ್ಳಲು ಒಪ್ಪಿದ್ದು ಅರ್ಧ ಬೆಲೆಗೆ. ವಿಲ್ಲಾ ಬಿಟ್ಟುಕೊಡಲಿಲ್ಲ. ಕಿಂಗಬಿ ಲೀಗ್‌ನ ಹೊರಗಿದ್ದ ಸದರ್ನ್ ಲೀಗ್‌ಗೆ ಹೋಗಿ ಆಡಿ ಬದುಕಿಕೊಂಡರು. ಅಲ್ಲಿ ಫುಟ್‌ಬಾಲ್ ಲೀಗ್‌ನ ನೋಂದಣಿಗೆ ಬೆಲೆ ಇರಲಿಲ್ಲ. 1910ರಲ್ಲಿ ಎರಡೂ ಲೀಗ್‌ಗಳು ಒಬ್ಬರ ನೋಂದಣಿಯನ್ನು ಇನ್ನೊಬ್ಬರು ಗೌರವಿಸುವುದಾಗಿ ಒಪ್ಪಿದವು. ಅಲ್ಲಿಗೆ ಹಿಂದಿನ ಬಾಗಿಲೂ ಮುಚ್ಚಿತು. ಕಿಂಗಬಿ ತಲೆಯ ಮೇಲೆ ವಿಲ್ಲಾ ಮತ್ತೆ 350 ಪೌಂಡ್ ಬೆಲೆ ಇಟ್ಟಿತು. ವರ್ಷಗಳ ಹಿಂದೆ ತಾನೇ ಬೇಡವೆಂದಿದ್ದ ಆಟಗಾರನಿಗೆ ಕೊಂಡಿದ್ದಕ್ಕಿಂತ ಜಾಸ್ತಿ. ಆ ದುಡ್ಡಿಗೆ ಅವರನ್ನು ಯಾರೂ ಕೊಳ್ಳಲಿಲ್ಲ. ಕೆಲಸ ಹೋಯಿತು.

1912ರಲ್ಲಿ ಕಿಂಗಬಿ ಸೋತರು. ಅವರ ವಕೀಲರು ಕ್ಲಬ್ ದ್ವೇಷದಿಂದ ಹೀಗೆ ಮಾಡಿತು ಎಂಬ ಜಾಡು ಹಿಡಿದಿದ್ದರು. ನಿಯಮವೇ ತಪ್ಪು ಎಂಬ ವಾದ ಬಲವಾಗಿ ನಿಲ್ಲಲಿಲ್ಲ. ಕ್ಲಬ್ ತನ್ನ ನಿಯಮದಂತೆ ನಡೆದಿದೆ ಎಂದ ಮೇಲೆ ಮುಗಿಯಿತು. ಸಂಘ ಸಾಲದಲ್ಲಿ ಮುಳುಗಿತು. ಮತ್ತೆ ಆ ದಾರಿಗೆ ಹೋಗಲು ಆಟಗಾರರಿಗೆ ಐವತ್ತು ವರ್ಷ ಬೇಕಾಯಿತು.

ಈ ಸಲ ಊರು ನ್ಯೂಕಾಸಲ್. 1960ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಅವರ ಒಪ್ಪಂದ ಮುಗಿದಿತ್ತು. ಬೇರೆ ಕ್ಲಬ್‌ಗೆ ಹೋಗುತ್ತೇನೆ ಎಂದರು. ನ್ಯೂಕಾಸಲ್ ಬಿಡಲಿಲ್ಲ. ಈಸ್ಟ್‌ಹ್ಯಾಮ್ ಫುಟ್‌ಬಾಲ್ ಬಿಟ್ಟು ಇಂಗ್ಲೆಂಡಿನ ದಕ್ಷಿಣಕ್ಕೆ ಹೋಗಿ ಕಾರ್ಕ್ ಮಾರುವ ಕೆಲಸಕ್ಕೆ ಸೇರಿದರು. ಕೆಲವು ತಿಂಗಳ ನಂತರ ಕ್ಲಬ್ ಸೋತು 47,500 ಪೌಂಡ್‌ಗೆ ಆರ್ಸೆನಲ್‌ಗೆ ಕಳಿಸಿತು. ಬೇಕಾದ್ದು ಸಿಕ್ಕ ಮೇಲೂ ಈಸ್ಟ್‌ಹ್ಯಾಮ್ ಮೊಕದ್ದಮೆ ಬಿಡಲಿಲ್ಲ. ಆಟಗಾರರ ಸಂಘದ ಬೆಂಬಲ ಅವರಿಗಿತ್ತು. 1961ರ ಜನವರಿಯಲ್ಲಿ ಜಿಮ್ಮಿ ಹಿಲ್ ನೇತೃತ್ವದ ಸಂಘ ಮುಷ್ಕರದ ಬೆದರಿಕೆ ಹಾಕಿ ಸಂಬಳದ ಮಿತಿ ತೆಗೆಸಿತ್ತು. ಆಗ ಮಿತಿ ವಾರಕ್ಕೆ 20 ಪೌಂಡ್. ತೆಗೆದದ್ದೇ ತಡ, ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ಸಂಬಳ 100 ಪೌಂಡ್‌ಗೆ ಏರಿತು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು. ಒಪ್ಪಂದ ಮುಗಿದವನನ್ನು ಹಿಡಿದಿಡುವುದು ದುಡಿಯುವ ಹಕ್ಕಿನ ಮೇಲೆ ಅತಿಯಾದ ನಿರ್ಬಂಧ ಎಂದರು.

ಆದರೂ ಒಪ್ಪಂದ ಮುಗಿದ ಆಟಗಾರನಿಗೆ ಶುಲ್ಕ ಕೇಳುವುದು ನಿಲ್ಲಲಿಲ್ಲ. ಅದು ನಿಂತಿದ್ದು 1995ರ ಡಿಸೆಂಬರ್‌ನಲ್ಲಿ, ಬೆಲ್ಜಿಯಂನ ಆಟಗಾರ ಜ್ಯಾನ್-ಮಾರ್ಕ್ ಬೋಸ್ಮನ್ ಯುರೋಪಿಯನ್ ನ್ಯಾಯಾಲಯದಲ್ಲಿ ಗೆದ್ದಾಗ.

ಒಪ್ಪಂದದ ನಡುವೆ ಬಿಟ್ಟರೆ?

ಬೋಸ್ಮನ್ ನಂತರ ಶುಲ್ಕ ಸಾಯಲಿಲ್ಲ. ಒಪ್ಪಂದ ಚಾಲ್ತಿಯಲ್ಲಿ ಇರುವವರೆಗೆ ಮಾತ್ರ ಕಾಗದಕ್ಕೆ ಬೆಲೆ ಎಂದಾಯಿತು. ಕ್ಲಬ್ಬುಗಳು ಏನು ಮಾಡಿದವು? ಒಪ್ಪಂದದ ಅವಧಿ ಉದ್ದ ಮಾಡಿದವು, ಮುಗಿಯುವ ಮುಂಚೆಯೇ ಮಾರಲು ಶುರು ಮಾಡಿದವು. ಇಸಾಕ್ 2022ರಲ್ಲಿ ಬಂದಾಗ ಆರು ವರ್ಷಕ್ಕೆ ಸಹಿ ಹಾಕಿದ್ದರ ಹಿಂದೆ ಇದೇ ಲೆಕ್ಕ ಇದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಬೇರೆ ಕೆಲಸಗಾರ ಆಗಿದ್ದರೆ ನೋಟಿಸ್ ಕೊಟ್ಟು ಹೋಗುತ್ತಿದ್ದ. ಒಪ್ಪಂದ ಮುರಿದಿದ್ದಕ್ಕೆ ಒಂದಿಷ್ಟು ಪರಿಹಾರ ಕಟ್ಟುತ್ತಿದ್ದ. ಫುಟ್‌ಬಾಲ್‌ನಲ್ಲಿ ಹಾಗೆ ಮಾಡಿದರೆ ಏನಾಗುತ್ತಿತ್ತು ಎಂಬುದಕ್ಕೆ ಫ್ರಾನ್ಸ್‌ನ ಲಸಾನಾ ಡಿಯಾರಾ ಸಾಕ್ಷಿ.

2013ರಲ್ಲಿ ಅವರು ಲೊಕೊಮೋಟಿವ್ ಮಾಸ್ಕೋ ಜೊತೆ ನಾಲ್ಕು ವರ್ಷಕ್ಕೆ ಸಹಿ ಹಾಕಿದರು. ಮರುವರ್ಷವೇ ಜಗಳವಾಗಿ ಒಪ್ಪಂದ ಮುರಿಯಿತು. ತಪ್ಪು ಡಿಯಾರಾ ಅವರದ್ದು ಎಂದ ಫಿಫಾ ಸುಮಾರು 1.05 ಕೋಟಿ ಯೂರೋ ಪರಿಹಾರ ಕಟ್ಟಲು ಹೇಳಿತು. ಬೆಲ್ಜಿಯಂನ ಶಾರ್ಲೆರ್ವಾ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ಮುಂದೆ ಬಂತು, ಆದರೆ ಎರಡು ಭಯ ಇತ್ತು. ಫಿಫಾ ನಿಯಮದಲ್ಲಿ ಹೊಸ ಕ್ಲಬ್ ಕೂಡ ಆ ಪರಿಹಾರಕ್ಕೆ ಹೊಣೆ. ಜೊತೆಗೆ ಹಳೆಯ ದೇಶದಿಂದ ಅಂತಾರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬರಬೇಕು, ಜಗಳ ಇದ್ದರೆ ಅದನ್ನು ತಡೆಹಿಡಿಯಬಹುದು. ಶಾರ್ಲೆರ್ವಾ ಹಿಂದೆ ಸರಿಯಿತು. ಡಿಯಾರಾ ಒಂದು ಋತು ಕಳೆದುಕೊಂಡರು.

2024ರ ಅಕ್ಟೋಬರ್ 4ರಂದು ಯುರೋಪಿಯನ್ ನ್ಯಾಯಾಲಯ ಈ ನಿಯಮಗಳು ಕೆಲಸಗಾರರ ಓಡಾಟದ ಸ್ವಾತಂತ್ರ್ಯಕ್ಕೂ, ಪೈಪೋಟಿಯ ಕಾನೂನಿಗೂ ವಿರುದ್ಧ ಎಂದಿತು. ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂದು ಕೋರ್ಟ್ ಹೇಳಿಲ್ಲ. ಮುರಿದವನು ಪರಿಹಾರ ಕೊಡಬೇಕು. ಆದರೆ ಪರಿಹಾರ ಎಷ್ಟೆಂದು ಮೊದಲೇ ಅಂದಾಜು ಸಿಗಬೇಕು, ಹೊಸ ಕ್ಲಬ್ಬನ್ನು ಕಣ್ಣು ಮುಚ್ಚಿ ಹೊಣೆ ಮಾಡಬಾರದು, ಪ್ರಮಾಣಪತ್ರ ಹಿಡಿದು ಕೂರಬಾರದು ಎನ್ನುವುದು ತೀರ್ಪಿನ ಅರ್ಥ. ಅದಾದ ಮೇಲೆ ಫಿಫಾ 2025ರ ಜನವರಿಯಿಂದ ತಾತ್ಕಾಲಿಕ ನಿಯಮ ತಂದಿತು. ಡಚ್ ಪ್ರತಿಷ್ಠಾನದ ಮೊಕದ್ದಮೆ ಹುಟ್ಟಿದ್ದು ಇದೇ ತೀರ್ಪಿನಿಂದ. ಅದರ ಹಿಂದೆ ಬೋಸ್ಮನ್ ಪರ ವಾದಿಸಿದ್ದ ವಕೀಲ ಜ್ಯಾನ್-ಲೂಯಿ ಡುಪಾಂ ಇದ್ದಾರೆ.

ಒಂದು ಎಚ್ಚರಿಕೆ. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಇಸಾಕ್ ಹೋಗಿದ್ದು ಒಂದೇ ದೇಶದ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ. ಹಾಗಾಗಿ ಈ ತೀರ್ಪು ಅವರಿಗೆ ನೇರವಾಗಿ ತಾಗದು. ಆದರೆ ಇಂಗ್ಲಿಷ್ ಕ್ಲಬ್ಬುಗಳು ಕೊಳ್ಳುವುದು ಯುರೋಪಿನಿಂದ, ಫಿಫಾ ನಿಯಮ ಇಡೀ ಜಗತ್ತಿಗೆ. ಬೆಂಗಳೂರು ಎಫ್‌ಸಿ ವಿದೇಶಿ ಆಟಗಾರನನ್ನು ತರಬೇಕಾದರೂ ಅದೇ ಪ್ರಮಾಣಪತ್ರ ಬೇಕು.

ಎರಡೂ ಕಡೆಯ ಮಾತು

ಕ್ಲಬ್ಬುಗಳು ಮತ್ತು ಫಿಫಾ ಹೇಳುವುದು ಇಷ್ಟು. ಆಟಗಾರ ಯಾವಾಗ ಬೇಕಾದರೂ ಎದ್ದು ಹೋದರೆ ತಂಡ ಕಟ್ಟುವುದು ಹೇಗೆ? ಋತುವಿನ ನಡುವೆ ಸ್ಟ್ರೈಕರ್ ಎದುರಾಳಿ ಕಡೆ ಸೇರಿದರೆ ಅಭಿಮಾನಿಗಳು ಏನು ನೋಡಬೇಕು? ಅದಕ್ಕಿಂತ ದೊಡ್ಡ ಮಾತು ಸಣ್ಣ ಕ್ಲಬ್ಬುಗಳದ್ದು. ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್, ಪೋರ್ಚುಗಲ್‌ನ ಬೆನ್ಫಿಕಾದಂಥ ದೊಡ್ಡ ಕ್ಲಬ್ಬುಗಳೂ ಹುಡುಗರನ್ನು ಬೆಳೆಸಿ ಮಾರಿ ದುಡಿಯುತ್ತವೆ. ಫಿಫಾದ ಒಗ್ಗಟ್ಟಿನ ನಿಧಿ ನಿಯಮದಂತೆ, ಒಪ್ಪಂದದ ನಡುವೆ ಬೇರೆ ಕ್ಲಬ್‌ಗೆ ಹೋದಾಗ ಶುಲ್ಕದ ಶೇ 5ರಷ್ಟು 12ರಿಂದ 23ನೇ ವಯಸ್ಸಿನವರೆಗೆ ಆಟಗಾರನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಇಸಾಕ್ ಆಡಿ ಬೆಳೆದ ಸ್ಟಾಕ್‌ಹೋಮ್‌ನ ಎಐಕೆಯಂಥ ಕ್ಲಬ್ಬಿಗೆ ಇದು ಸಣ್ಣ ಮೊತ್ತ ಅಲ್ಲ. ಶುಲ್ಕ ಕುಸಿದರೆ ಇದೂ ಕುಸಿಯುತ್ತದೆ.

ಆಟಗಾರರ ಸಂಘಟನೆಗಳ ಉತ್ತರ ನೇರ. ಸಣ್ಣ ಕ್ಲಬ್ಬಿನ ಹೆಸರು ಹೇಳಿ ಆಟಗಾರನನ್ನು ಕಟ್ಟಿಹಾಕುವ ಮಾತು 1893ರಿಂದ ಕೇಳುತ್ತಿದ್ದೇವೆ. ಈಸ್ಟ್‌ಹ್ಯಾಮ್ ಮೊಕದ್ದಮೆಯಲ್ಲೂ, ಬೋಸ್ಮನ್ ಮೊಕದ್ದಮೆಯಲ್ಲೂ ಇದೇ ವಾದ ಬಂದಿತ್ತು. ಆಟ ಮುಳುಗಲಿಲ್ಲ. ಅಷ್ಟಕ್ಕೂ ಶುಲ್ಕದ ದೊಡ್ಡ ಪಾಲು ದೊಡ್ಡ ಕ್ಲಬ್ಬುಗಳ ನಡುವೆಯೇ ಸುತ್ತುತ್ತದೆ. 2025ರ ಬೇಸಿಗೆಯೊಂದರಲ್ಲೇ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಖರೀದಿ 300 ಕೋಟಿ ಪೌಂಡ್ ದಾಟಿತು.

ಆಟಗಾರರ ವಾದವೇ ಇಲ್ಲಿ ಗಟ್ಟಿ. ಸಂಬಳದ ಮಿತಿ ಹೋದ ಕೂಡಲೇ ಹೇನ್ಸ್ ಸಂಬಳ ಐದು ಪಟ್ಟಾಯಿತು. ಆ ದುಡ್ಡು ಮೊದಲೂ ಇತ್ತು, ಆಟಗಾರನ ಕೈಗೆ ಮಾತ್ರ ಬರುತ್ತಿರಲಿಲ್ಲ. ಇಂದಿನ ಶುಲ್ಕದಲ್ಲೂ ಅಂಥ ಒಂದು ಪಾಲು ಇದೆ. ಆದರೆ ಕ್ಲಬ್ಬುಗಳ ಭಯವನ್ನು ಬರೀ ನೆಪ ಎಂದು ತಳ್ಳಿಹಾಕುವುದೂ ತಪ್ಪು. ಉದ್ದದ ಒಪ್ಪಂದ ಆಟಗಾರನಿಗೂ ಭದ್ರತೆ ಕೊಡುತ್ತದೆ. ಮಂಡಿ ಮುರಿದು ಒಂದು ವರ್ಷ ಮನೆಯಲ್ಲಿ ಕೂತರೂ ಸಂಬಳ ಬರುತ್ತದೆ. ಮುಂದೆ ಮಾರುವ ಆಸೆ ಇಲ್ಲದಿದ್ದರೆ 19ರ ಹುಡುಗನಿಗೆ ಯಾವ ಕ್ಲಬ್ ಐದು ವರ್ಷದ ಭರವಸೆ ಕೊಡುತ್ತದೆ? ತಾರೆಗಳು ಗೆಲ್ಲುವ ಸ್ವಾತಂತ್ರ್ಯದ ಬೆಲೆಯನ್ನು ಸಾಮಾನ್ಯ ಆಟಗಾರರು ಕಟ್ಟುವ ಹಾಗಾಗಬಾರದು.

ಮುಂದೆ ಏನಾಗಬಹುದು?

ಶುಲ್ಕ ಪೂರ್ತಿ ಮಾಯವಾಗುವ ಲಕ್ಷಣ ಇಲ್ಲ. ಒಪ್ಪಂದ ಎನ್ನುವುದು ಇರುವವರೆಗೆ ಅದನ್ನು ಮುರಿಯಲು ಒಂದು ಬೆಲೆ ಇದ್ದೇ ಇರುತ್ತದೆ. ಬದಲಾಗುವುದು ಆ ಬೆಲೆಯನ್ನು ಯಾರು ನಿರ್ಧರಿಸುತ್ತಾರೆ ಎಂಬುದು. ಇಲ್ಲಿವರೆಗೆ ಮಾರುವ ಕ್ಲಬ್ ಹೇಳಿದ್ದೇ ಬೆಲೆ. ಪರಿಹಾರದ ಲೆಕ್ಕ ಸ್ಪಷ್ಟವಾದರೆ ಆಟಗಾರನ ಕೈಗೂ ಒಂದು ಅಸ್ತ್ರ ಬರುತ್ತದೆ. ನಾನೇ ಬಿಟ್ಟರೆ ಇಷ್ಟು ಕಟ್ಟಬೇಕಾಗುತ್ತದೆ, ನೀವು ಅದರ ಹತ್ತು ಪಟ್ಟು ಕೇಳುತ್ತಿದ್ದೀರಿ ಎಂದು ಅವನು ಹೇಳಬಹುದು. ಆಗ ಮುನಿಸಿಕೊಂಡು ತಿಂಗಳುಗಟ್ಟಲೆ ಆಡದೆ ಕೂರುವ ಅಗತ್ಯವೂ ಕಡಿಮೆಯಾಗುತ್ತದೆ.

ಸ್ಪೇನ್‌ನಲ್ಲಿ ಇದರ ಒಂದು ರೂಪ ಈಗಾಗಲೇ ಇದೆ. 1985ರ ಕಾನೂನಿನಂತೆ ಆಟಗಾರ ಪರಿಹಾರ ಕಟ್ಟಿ ಹೊರಡಬಹುದು, ಆ ಮೊತ್ತವನ್ನು ಒಪ್ಪಂದದಲ್ಲೇ ಬರೆಯುತ್ತಾರೆ. 2017ರಲ್ಲಿ ನೇಮಾರ್ ಬಾರ್ಸಿಲೋನಾ ಬಿಟ್ಟಿದ್ದು ಹಾಗೆಯೇ. 22.2 ಕೋಟಿ ಯೂರೋ ಕಟ್ಟಿದ ಮೇಲೆ ಕ್ಲಬ್ಬಿಗೆ ಬೇಡ ಎನ್ನಲು ಆಗಲಿಲ್ಲ. ಇದರ ಕೊರತೆಯೂ ಅಷ್ಟೇ ಸ್ಪಷ್ಟ. ಕ್ಲಬ್ಬುಗಳು ಯಾರೂ ಕಟ್ಟಲಾಗದ ಮೊತ್ತ ಬರೆಯಲು ಶುರು ಮಾಡಿದವು. ಉಳಿದ ಸಂಬಳದ ಇಷ್ಟು ಪಟ್ಟು ಎಂಬ ಮಿತಿ ಇಲ್ಲದಿದ್ದರೆ ಈ ದಾರಿಯೂ ಅರ್ಧಕ್ಕೆ ನಿಲ್ಲುತ್ತದೆ.

ಲೆಕ್ಕಪತ್ರದಲ್ಲೂ ಏಟು ಬೀಳುತ್ತದೆ. ಕ್ಲಬ್ಬುಗಳು ಆಟಗಾರನ ನೋಂದಣಿಯನ್ನು ಆಸ್ತಿ ಎಂದು ತೋರಿಸಿ, ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತವೆ. ಆಟಗಾರ ಕಡಿಮೆ ಪರಿಹಾರ ಕಟ್ಟಿ ಹೋಗಬಹುದು ಎಂದಾದರೆ ಆ ಆಸ್ತಿಯ ಬೆಲೆ ಇಳಿಯುತ್ತದೆ. ಮಾರಾಟ ನಂಬಿ ಸಾಲ ಮಾಡಿದ ಕ್ಲಬ್ಬುಗಳು ಮೊದಲು ತತ್ತರಿಸುತ್ತವೆ.

ಸಣ್ಣ ಕ್ಲಬ್ಬುಗಳಿಗೆ ದುಡ್ಡು ತಲುಪಿಸಲು ಶುಲ್ಕ ಒಂದೇ ದಾರಿ ಏನಲ್ಲ. ಬೆಳೆಸಿದ್ದಕ್ಕೆ ಕೊಡುವ ಪಾಲನ್ನು ಶುಲ್ಕದಿಂದ ಬಿಡಿಸಿ, ಟಿವಿ ಹಕ್ಕಿನ ಹಣದಿಂದ ನೇರವಾಗಿ ಕೊಡಬಹುದು. ಹುಡುಗ ಎಷ್ಟು ವರ್ಷ ಅಲ್ಲಿ ಬೆಳೆದ, ಮುಂದೆ ಯಾವ ದರ್ಜೆಯಲ್ಲಿ ಆಡಿದ ಎಂಬ ಲೆಕ್ಕ ಸಾಕು. ಅವನನ್ನು ಎಷ್ಟಕ್ಕೆ ಮಾರಿದರು ಎಂಬ ಲೆಕ್ಕ ಬೇಕಿಲ್ಲ. ಇದಕ್ಕೆ ಪ್ರೀಮಿಯರ್ ಲೀಗ್‌ನಂಥ ಶ್ರೀಮಂತ ಲೀಗ್‌ಗಳು ತಮ್ಮ ಟಿವಿ ದುಡ್ಡಿನಲ್ಲಿ ಪಾಲು ಬಿಡಬೇಕು. ಫಿಫಾ ತಾತ್ಕಾಲಿಕ ನಿಯಮದ ಜಾಗದಲ್ಲಿ ಶಾಶ್ವತ ನಿಯಮ ಬರೆಯುವಾಗ ಎಲ್ಲಕ್ಕಿಂತ ದೊಡ್ಡ ಜಗ್ಗಾಟ ನಡೆಯಬೇಕಾದ್ದು ಈ ಪಾಲಿನ ಮೇಲೆಯೇ.